ಒಂದು ಕಣ್ಣಿಗೆ ಮಲ್ಲಿಗೆ ನೀಲಿ, ಇನ್ನೊಂದಕ್ಕೆ ತುಪ್ಪದ ಬಣ್ಣ: ಇದು ಕಣ್ಣಿನದ್ದೋ ಮನಸ್ಸಿನದ್ದೋ?

ಪರ್ಕಳದ ಮಗಳು

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಉಂಟು, ಪುರುಸೊತ್ತು ಇದ್ದವರು ಓದಿ.

ಅಮ್ಮನಿಗೆ 72 ವರ್ಷ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಳೆದ ಮಂಗಳವಾರ ಬಲಗಣ್ಣಿನ ಆಪರೇಷನ್ ಆಯಿತು. ಹಳೆ ಲೆನ್ಸ್ ತೆಗೆದು ಹೊಸದು ಕೂರಿಸಿದರು, ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿ ಕಳಿಸಿದರು. ನೋವಿಲ್ಲ, ಕೆಂಪಾಗಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಅಂತ ಕುರ್ಚಿಯಿಂದಲೇ ಓದಿ ಹೇಳಿದರು. ನಮಗೆಲ್ಲ ಖುಷಿ.

ಆದರೆ ಮನೆಗೆ ಬಂದ ಮೊದಲ ದಿನವೇ ಅಂಗಳದಲ್ಲಿ ಒಣಗಲು ಹಾಕಿದ್ದ ಅಪ್ಪನ ಮುಂಡು ನೋಡಿ, "ಇದೆಂತ ಮಗಾ, ಬಟ್ಟೆಗೆ ಇಷ್ಟು ನೀಲಿ ಹಾಕಿದ್ದೀ?" ಅಂದರು. ನಾನು ನೀಲಿಯ ಬಾಟ್ಲಿ ಮುಟ್ಟದೆ ಒಂದು ತಿಂಗಳಾಯಿತು. ಆಮೇಲೆ ಅಡುಗೆಮನೆಯ ಗೋಡೆ ನೀಲಿ ಅಂದರು. ಹಾಲು ನೀಲಿ ಅಂದರು, ನೀರು ಬೆರೆಸಿದ್ದಾರೆ ಅಂತ ಹಾಲಿನವರ ಮೇಲೆ ಸಂಶಯ ಬೇರೆ.

ಶುಕ್ರವಾರ ಒಂದು ಚೆಂಡು ಮಲ್ಲಿಗೆ ತಂದಿದ್ದೆ. ಬಾಳೆಎಲೆ ಬಿಡಿಸಿ ಸ್ಟೀಲ್ ತಟ್ಟೆಯಲ್ಲಿಟ್ಟು ಕಿಟಕಿ ಹತ್ತಿರ ಕೂರಿಸಿದೆ. ಎಡಗಣ್ಣು ಮುಚ್ಚಿ ನೋಡಿ ಅಂದೆ. "ಬಿಳಿ, ಆದರೆ ನೀಲಿ ಹೊಡೆಯುವ ಬಿಳಿ, ಟ್ಯೂಬ್‌ಲೈಟ್ ಹಾಗೆ" ಅಂದರು. ಈಗ ಬಲಗಣ್ಣು ಮುಚ್ಚಿ ಅಂದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಮತ್ತೆ ಮತ್ತೆ ಎರಡು ಕಣ್ಣನ್ನೂ ಬದಲಿಸಿ ನೋಡಿದರು. "ಇದು ತುಪ್ಪದ ಬಣ್ಣ ಅಲ್ವಾ? ಇಷ್ಟು ವರ್ಷ ನಾನು ತುಪ್ಪದ ಬಣ್ಣದ ಮಲ್ಲಿಗೆ ಮುಡಿದದ್ದಾ?" ಅಂದರು. ಕಣ್ಣಲ್ಲಿ ನೀರು ಬಂತು. ನನಗೂ ಏನೋ ಆಯಿತು.

ನನ್ನ ಪ್ರಶ್ನೆ ಇಷ್ಟೇ. ನೀಲಿ ಕಾಣುವುದು ಕಣ್ಣಿನ ತೊಂದರೆಯಾ? ಹಾಗಾದರೆ ಇಷ್ಟು ವರ್ಷ ಹಳದಿ ಕಾಣುತ್ತಿದ್ದಾಗ ಅಮ್ಮ ಒಂದು ದಿನವೂ ಹಳದಿ ಅಂತ ಯಾಕೆ ಹೇಳಲಿಲ್ಲ?

ಸುರತ್ಕಲ್ ಕಡೆಯವ

ಅಕ್ಕ, ಲೆನ್ಸ್ ತಪ್ಪಿ ಹಾಕಿದ್ದಾರೋ ಅಂತ ಮೊದಲು ಕೇಳಿ. ಬಿಲ್ಲಿನ ಜೊತೆ ಲೆನ್ಸಿನ ಸ್ಟಿಕ್ಕರ್ ಅಂಟಿಸಿದ ಕಾರ್ಡ್ ಕೊಟ್ಟಿರ್ತಾರೆ, ಅದನ್ನು ಹಿಡಿದುಕೊಂಡು ಹೋಗಿ. ಸುಮ್ನೆ ಕೂತರೆ ಆಗುವುದಿಲ್ಲ.

ಕಣ್ಣಿನ ಕೆಲಸದವಳು

ನಾನು ಮಂಗಳೂರಿನಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿ ಇದ್ದೇನೆ. ಅಕ್ಕ, ಹೆದರಬೇಡಿ. ಇದು ನಾವು ಆಗಾಗ ಕೇಳುವ ಮಾತು.

ನಮ್ಮ ಕಣ್ಣಿನ ಒಳಗಿನ ಲೆನ್ಸ್ ಹುಟ್ಟಿದಾಗ ಗಾಜಿನ ಹಾಗೆ ತಿಳಿ. ವಯಸ್ಸಾದ ಹಾಗೆ ಹಳದಿಯಾಗುತ್ತಾ ಬರುತ್ತದೆ, ಪೊರೆ ಬಲಿತರೆ ಕಂದು ಬಣ್ಣಕ್ಕೂ ಹೋಗುತ್ತದೆ. ಹಳದಿ ಲೆನ್ಸ್ ನೀಲಿ ಬೆಳಕನ್ನು ತಡೆಯುತ್ತದೆ. ಅಂದರೆ ನಿಮ್ಮ ಅಮ್ಮನ ರೆಟಿನಾಕ್ಕೆ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರಕ್ಕೆ, ಎಷ್ಟೋ ವರ್ಷ ನೀಲಿ ಬೆಳಕು ಕಡಿಮೆ ಹೋಗಿದೆ. ಈಗ ಆ ಪರದೆ ತೆಗೆದರು. ನೀಲಿ ಒಮ್ಮೆಗೇ ಒಳಗೆ ನುಗ್ಗಿತು. ಅಷ್ಟೇ. ಕೆಲವರಿಗೆ ಕೆಲವು ದಿನ, ಕೆಲವರಿಗೆ ವಾರಗಳು, ಪೂರ್ತಿ ಹದಕ್ಕೆ ಬರಲು ತಿಂಗಳುಗಳೂ ಆಗಬಹುದು. ತಾನಾಗಿ ಕಡಿಮೆಯಾಗುತ್ತದೆ.

ಆದರೆ ಒಂದು ಮಾತು ನೆನಪಿಟ್ಟುಕೊಳ್ಳಿ. ನೋವು ಬಂದರೆ, ಕಣ್ಣು ಕೆಂಪಾದರೆ, ದೃಷ್ಟಿ ಮಂಜಾಗುತ್ತಾ ಹೋದರೆ, ಮಿಂಚು ಹೊಡೆದ ಹಾಗೆ ಕಂಡರೆ, ಅಥವಾ ಒಂದು ಬದಿಯಿಂದ ಪರದೆ ಇಳಿದ ಹಾಗೆ ಆದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ನಾಳೆ ನೋಡುವ ಅಂತ ಕೂರಬೇಡಿ. ಡ್ರಾಪ್ಸ್ ತಪ್ಪಿಸಬೇಡಿ. ಮುಂದಿನ ಸಲ ತೋರಿಸಲು ಹೋದಾಗ ಈ ನೀಲಿ ವಿಷಯವನ್ನೂ ಹೇಳಿಬಿಡಿ.

ಪರ್ಕಳದ ಮಗಳು

ತುಂಬಾ ಥ್ಯಾಂಕ್ಸ್, ಅರ್ಧ ಭಾರ ಇಳಿಯಿತು. ಆದರೆ ನನ್ನ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಒಳಗೆ ಹೋಗುತ್ತಿದ್ದದ್ದು ಹಳದಿ ಬೆಳಕು ಅಂತಾದರೆ ಅಮ್ಮ ಮುಂಡನ್ನು ಬಿಳಿ ಅಂತಲೇ ಹೇಳುತ್ತಿದ್ದರಲ್ಲ. ಸುಳ್ಳು ಹೇಳಿದ್ದಲ್ಲ, ಅವರಿಗೆ ಹಾಗೆಯೇ ಕಂಡದ್ದು. ಅದು ಹೇಗೆ?

ಕಟಪಾಡಿಯ ಹಳೇ ಮೇಷ್ಟ್ರು

ಮಗಳೇ, ಬಹಳ ಒಳ್ಳೆಯ ಪ್ರಶ್ನೆ. ಕಾಲೇಜಿನಲ್ಲಿ ಮೂವತ್ತು ವರ್ಷ ಮನಃಶಾಸ್ತ್ರ ಪಾಠ ಮಾಡಿದವ ನಾನು. ಮಕ್ಕಳಿಗೆ ಮೊದಲ ಅಧ್ಯಾಯದಲ್ಲೇ ಅರ್ಥವಾಗದೆ ಉಳಿಯುತ್ತಿದ್ದದ್ದು ಇದೇ. ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಇಲ್ಲಿ ಎರಡು ಕೆಲಸ ನಡೆಯುತ್ತದೆ. ಒಂದು ಸಂವೇದನೆ. ಬೆಳಕು ಕಣ್ಣಿಗೆ ಬೀಳುತ್ತದೆ, ರೆಟಿನಾದಲ್ಲಿರುವ ಕೋಶಗಳು ಅದನ್ನು ನರದ ಸಂಕೇತ ಮಾಡಿ ಮೆದುಳಿಗೆ ಕಳಿಸುತ್ತವೆ. ಒಂದೊಂದು ಕಣ್ಣಿನಲ್ಲಿ ಕಡ್ಡಿಯಾಕಾರದ ಕೋಶಗಳು ಸುಮಾರು 12 ಕೋಟಿ, ಶಂಕುವಿನಾಕಾರದವು ಸುಮಾರು 60 ಲಕ್ಷ. ಬಣ್ಣದ ಲೆಕ್ಕ ಈ ಶಂಕು ಕೋಶಗಳದ್ದು. ಇದು ಬರೀ ವರದಿ. ಎರಡನೆಯದು ಗ್ರಹಿಕೆ. ಆ ವರದಿ ನೋಡಿ ಮೆದುಳು "ಇದು ಮುಂಡು, ಇದು ಬಿಳಿ" ಅಂತ ತೀರ್ಮಾನಕ್ಕೆ ಬರುತ್ತದೆ. ನಮಗೆ ಕಾಣುವುದು ತೀರ್ಮಾನ ಮಾತ್ರ. ವರದಿ ನಮಗೆ ಯಾವತ್ತೂ ನೇರ ಕಾಣಲು ಸಿಗುವುದಿಲ್ಲ.

ಇದೇ ಮುಂಡನ್ನು ಮಧ್ಯಾಹ್ನ ಬಿಸಿಲಲ್ಲಿ ನೋಡಿ, ರಾತ್ರಿ ಹಳದಿ ಬಲ್ಬಿನ ಕೆಳಗೆ ನೋಡಿ. ಬಟ್ಟೆಯಿಂದ ಕಣ್ಣಿಗೆ ಬರುವ ಬೆಳಕು ಎರಡು ಹೊತ್ತಿನಲ್ಲಿ ಬೇರೆ ಬೇರೆ. ಫೋಟೋ ತೆಗೆದರೆ ರಾತ್ರಿಯದ್ದು ಹಳದಿಯಾಗಿ ಬರುತ್ತದೆ ಅಲ್ವಾ? ನಮಗೆ ಎರಡೂ ಬಿಳಿ. ಮೆದುಳು ಸುತ್ತಲಿನ ಬೆಳಕಿನ ಲೆಕ್ಕ ಹಾಕಿ ಹಳದಿಯನ್ನು ಕಳೆದುಬಿಡುತ್ತದೆ. ಇದಕ್ಕೆ ಬಣ್ಣದ ಸ್ಥಿರತೆ ಅನ್ನುತ್ತಾರೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ 1860ರ ದಶಕದಲ್ಲೇ ಹೇಳಿದ್ದ, ನೋಡುವುದು ಅಂದರೆ ನಮಗೆ ಅರಿವಿಲ್ಲದೆ ನಡೆಯುವ ಒಂದು ತೀರ್ಮಾನ ಅಂತ. ನನಗೆ ಇವತ್ತಿಗೂ ಆ ಮಾತು ಬಹಳ ಇಷ್ಟ.

ನಿಮ್ಮ ಅಮ್ಮನ ಕತೆಯಲ್ಲಿ ಹಳದಿ ಬಲ್ಬು ಕೋಣೆಯಲ್ಲಿ ಇರಲಿಲ್ಲ, ಕಣ್ಣಿನ ಒಳಗೇ ಇತ್ತು. ಅದೂ ಒಂದು ರಾತ್ರಿಗಲ್ಲ, ವರ್ಷಗಟ್ಟಲೆ. ಮೆದುಳು ಅದನ್ನೂ ಕಳೆಯಿತು. "ನನಗೆ ಬರುವ ಬೆಳಕು ಯಾವಾಗಲೂ ಇಷ್ಟು ಹಳದಿ, ಹಾಗಾದರೆ ಇದೇ ಸೊನ್ನೆ" ಅಂತ ತಕ್ಕಡಿಯನ್ನು ಹೊಂದಿಸಿಕೊಂಡಿತು. ಈಗ ಹಳದಿ ಹೋಯಿತು. ತಕ್ಕಡಿ ಹಳೆ ಸೊನ್ನೆಯಲ್ಲೇ ಉಂಟು. ಇಲ್ಲದ ಹಳದಿಯನ್ನು ಮೆದುಳು ಇನ್ನೂ ಕಳೆಯುತ್ತಿದೆ. ಹಾಗಾಗಿ ನೀಲಿ.

ಇನ್ನು, ನಿಧಾನಕ್ಕೆ ಹಳದಿಯಾಗುತ್ತಾ ಹೋದದ್ದು ಯಾಕೆ ಗೊತ್ತಾಗಲಿಲ್ಲ ಎಂಬುದು. ಲೈಪ್‌ಜಿಗ್‌ನಲ್ಲಿ ಎರ್ನ್ಸ್ಟ್ ವೇಬರ್ ಎಂಬವರು ಜನರ ಕೈಯಲ್ಲಿ ತೂಕ ಎತ್ತಿಸಿ ಪರೀಕ್ಷೆ ಮಾಡಿ 1834ರಲ್ಲಿ ಪ್ರಕಟಿಸಿದರು. ಎಷ್ಟು ಗ್ರಾಂ ಜಾಸ್ತಿ ಹಾಕಿದರೆ "ಹೌದು, ಭಾರ ಆಯಿತು" ಅಂತ ಗೊತ್ತಾಗುತ್ತದೆ ಅನ್ನುವುದು ಒಂದೇ ಅಳತೆ ಅಲ್ಲ, ಮೊದಲಿದ್ದ ತೂಕಕ್ಕೆ ತಕ್ಕ ಒಂದು ಪಾಲು. ತೂಕಕ್ಕೆ ಅದು ಸುಮಾರು 40ರಲ್ಲಿ 1. ಕೈಯಲ್ಲಿ 1 ಕಿಲೋ ಬಂಗುಡೆ ಇದ್ದರೆ 25 ಗ್ರಾಂ ಜಾಸ್ತಿಯಾದದ್ದು ಗೊತ್ತಾದೀತು. 10 ಕಿಲೋ ಬುಟ್ಟಿಗೆ ಅದೇ 25 ಗ್ರಾಂ ಹಾಕಿ, ಏನೂ ಗೊತ್ತಾಗುವುದಿಲ್ಲ. 250 ಗ್ರಾಂ ಬೇಕು. 1860ರಲ್ಲಿ ಫೆಕ್ನರ್ ಎಂಬವರು ಇದರ ಮೇಲೆ ಒಂದು ಶಾಸ್ತ್ರವನ್ನೇ ಕಟ್ಟಿದರು.

ಗೊತ್ತಾಗಬೇಕಾದರೆ ಹೋಲಿಸಲು ಎರಡು ಬೇಕು, ಎರಡರ ನಡುವೆ ಆ ಪಾಲಿನಷ್ಟು ವ್ಯತ್ಯಾಸ ಬೇಕು. ಅಮ್ಮನ ಲೆನ್ಸ್ ನಿನ್ನೆಗೂ ಇವತ್ತಿಗೂ ಆಗುವ ವ್ಯತ್ಯಾಸ ಏನೂ ಇಲ್ಲ ಅನ್ನುವಷ್ಟು ಸಣ್ಣದು. ಇಪ್ಪತ್ತು ವರ್ಷದ ಹಿಂದಿನ ಕಣ್ಣನ್ನು ಪಕ್ಕದಲ್ಲಿಟ್ಟು ನೋಡಲಿಕ್ಕೆ ಸಾಧ್ಯ ಉಂಟಾ? ಶುಕ್ರವಾರ ಕಿಟಕಿ ಹತ್ತಿರ ಕೂತಾಗ ಅವರಿಗೆ ಮೊದಲ ಸಲ ಎರಡು ಕಣ್ಣು ಸಿಕ್ಕಿತು. ಒಂದು ಹಳೆಯದು, ಒಂದು ಹೊಸದು. ನೀವು ಆ ತಟ್ಟೆ ಇಟ್ಟು ಮಾಡಿಸಿದ್ದು ದೊಡ್ಡ ಪ್ರಯೋಗ, ಮಗಳೇ.

ಮಲ್ಪೆ ಬೋಟು

ಮೇಷ್ಟ್ರೇ, ಆ ಸೊನ್ನೆಯ ಮಾತು ಓದಿ ನನಗೆ ನಮ್ಮದೇ ನೆನಪಾಯಿತು. ಹೌದೋ ಅಲ್ಲವೋ ನೀವೇ ಹೇಳಬೇಕು.

ನಾನು ಟ್ರಾಲ್ ಬೋಟಿನಲ್ಲಿ ಹೋಗುವವ. ಆಳ ಸಮುದ್ರಕ್ಕೆ ಹೋದರೆ ಹತ್ತು ದಿನ. ಮೊದಲ ಸಲ ಹೋದಾಗ ನನಗೆ ಹದಿನೆಂಟು. ಎರಡು ದಿನ ವಾಂತಿ ಮಾಡಿ ಸುಸ್ತಾಗಿ ಕ್ಯಾಬಿನ್ ಒಳಗೆ ಮಲಗಿದ್ದೆ. ಒಳಗೆ ಮಲಗಿದಷ್ಟೂ ಜಾಸ್ತಿಯಾಗುತ್ತಿತ್ತು. ಬೋಟು ನಡೆಸುವ ತಾಂಡೇಲರು ರಟ್ಟೆ ಹಿಡಿದು ಹೊರಗೆ ತಂದು ನಿಲ್ಲಿಸಿ, "ಅಲ್ಲಿ ನೋಡು, ನೀರು ಆಕಾಶ ಸೇರುವ ಗೆರೆ ಉಂಟಲ್ಲ, ಅದನ್ನೇ ನೋಡು" ಅಂದರು. ಅರ್ಧ ಗಂಟೆಯಲ್ಲಿ ಹೊಟ್ಟೆ ನಿಂತಿತು. ಮೂರನೇ ದಿನದಿಂದ ಬೋಟು ತೂಗುವುದೇ ಗೊತ್ತಾಗಲಿಲ್ಲ, ಗಂಜಿ ಬಟ್ಟಲು ಕೈಯಲ್ಲಿ ಹಿಡಿದು ನಡೆಯುತ್ತಿದ್ದೆ.

ನಾನು ಹೇಳಬೇಕಾದದ್ದು ಅದಲ್ಲ. ವಾಪಸ್ ಬಂದು ಮನೆಯಲ್ಲಿ ಸ್ನಾನಕ್ಕೆ ನಿಂತು, ಕಣ್ಣು ಮುಚ್ಚಿ ತಲೆಗೆ ನೀರು ಹೊಯ್ದರೆ ಬಚ್ಚಲು ತೂಗುತ್ತದೆ. ಗಟ್ಟಿ ನೆಲ, ಕಪ್ಪು ಕಲ್ಲು ಹಾಸಿದ್ದು, ಅದು ತೂಗುತ್ತದೆ. ಗೋಡೆ ಹಿಡಿದುಕೊಳ್ಳಬೇಕು. ಒಂದು ದಿನ, ಎರಡು ದಿನ, ಮತ್ತೆ ಹೋಗುತ್ತದೆ. ಇದೂ ಅಮ್ಮನ ನೀಲಿಯ ಹಾಗೇ ಅಲ್ವಾ?

ಕಟಪಾಡಿಯ ಹಳೇ ಮೇಷ್ಟ್ರು

ಅದೇ. ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಒಳಕಿವಿಯಲ್ಲಿ ಒಂದೊಂದು ಬದಿಗೆ ಮೂರು ಅರ್ಧವೃತ್ತದ ಕೊಳವೆಗಳಿವೆ. ತಲೆಯನ್ನು ಆಚೆ ಈಚೆ ತಿರುಗಿಸಿದಾಗ ಒಳಗಿನ ದ್ರವ ಅಲುಗಾಡಿ ಸುದ್ದಿ ಕೊಡುತ್ತದೆ. ಏರಿಳಿತ, ವಾಲುವುದನ್ನು ತಿಳಿಸಲು ಪಕ್ಕದಲ್ಲೇ ಬೇರೆ ಎರಡು ಸಣ್ಣ ಚೀಲ ಉಂಟು. ಕ್ಯಾಬಿನ್ ಒಳಗೆ ಕಿವಿ "ತೂಗುತ್ತಿದೆ" ಅನ್ನುತ್ತದೆ, ಕಣ್ಣು "ಗೋಡೆ ಎಲ್ಲ ನಿಂತಿದೆ" ಅನ್ನುತ್ತದೆ. ಎರಡು ವರದಿಗೆ ತಾಳೆ ಇಲ್ಲ. ಹೊರಗೆ ಬಂದು ಗೆರೆ ನೋಡಿದರೆ ತಾಳೆಯಾಗುತ್ತದೆ. ತಾಂಡೇಲರು ಯಾವ ಕಾಲೇಜಿಗೂ ಹೋಗದೆ ಸರಿಯಾದ ಮದ್ದು ಕೊಟ್ಟರು.

ಆಮೇಲೆ ಮೆದುಳು ತೂಗುವುದನ್ನೇ ಸೊನ್ನೆ ಮಾಡಿಕೊಂಡಿತು. ನೆಲಕ್ಕೆ ಬಂದಾಗ ಹಳೆ ಲೆಕ್ಕ ಇನ್ನೂ ನಡೆಯುತ್ತಿರುತ್ತದೆ. ಕಣ್ಣು ಮುಚ್ಚಿದಾಗ ಜಾಸ್ತಿ ಯಾಕೆ? ಸರಿಪಡಿಸುವ ಸಾಕ್ಷಿ ಒಂದು ಕಡಿಮೆಯಾಯಿತಲ್ಲ.

ಹೆಬ್ರಿ ರಸ್ತೆ

ಕೂಡ್ಲು ತೀರ್ಥಕ್ಕೆ ಹೋದವರು ಇದನ್ನು ಮಾಡಿ ನೋಡಿ. ನೀರು ಬೀಳುವ ಒಂದೇ ಜಾಗವನ್ನು ಕಣ್ಣು ಕದಲಿಸದೆ ಒಂದು ನಿಮಿಷ ನೋಡಿ. ಮತ್ತೆ ಪಕ್ಕದ ಬಂಡೆ ನೋಡಿ. ಬಂಡೆ ಮೇಲೆ ಮೇಲೆ ಏರುತ್ತದೆ! ನನ್ನ ಮಗ ಹೆದರಿ ಕೈ ಹಿಡಿದುಕೊಂಡ.

ಕಟಪಾಡಿಯ ಹಳೇ ಮೇಷ್ಟ್ರು

1834ರಲ್ಲಿ ರಾಬರ್ಟ್ ಆಡಮ್ಸ್ ಎಂಬವರು ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಎದುರು ನಿಂತು ಇದನ್ನೇ ಬರೆದರು. ಕೆಳಗೆ ಇಳಿಯುವುದನ್ನು ಗುರುತಿಸುವ ನರಕೋಶಗಳು ಒಂದೇ ಕೆಲಸ ಮಾಡಿ ಮಾಡಿ ದಣಿಯುತ್ತವೆ, ಮೇಲೆ ಏರುವುದನ್ನು ಗುರುತಿಸುವವುಗಳ ಕೈ ಮೇಲಾಗುತ್ತದೆ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ.

ಪಿಯುಸಿ ಕಾರ್ಕಳ

ಸರ್, ನಾನು ಪ್ರಥಮ ಪಿಯುಸಿ. ನಮಗೆ ಇದು ಪಾಠ ಉಂಟು, ಆದರೆ ಟೆಕ್ಸ್ಟಿನಲ್ಲಿ ಎರಡು ವ್ಯಾಖ್ಯೆ ಬಾಯಿಪಾಠ ಮಾಡಿದ್ದು ಬಿಟ್ಟರೆ ನನಗೆ ಏನೂ ತಲೆಗೆ ಹೋಗಿರಲಿಲ್ಲ. ಮೆದುಳು ಇಲ್ಲದ್ದನ್ನು ಸೇರಿಸುತ್ತದೆ ಅಂತ ನಮ್ಮ ಮಿಸ್ ಹೇಳಿದರು. ಮನೆಯಲ್ಲೇ ಮಾಡಿ ನೋಡುವಂಥದ್ದು ಏನಾದರೂ ಹೇಳ್ತೀರಾ?

ಕಟಪಾಡಿಯ ಹಳೇ ಮೇಷ್ಟ್ರು

ಇದೆಯಪ್ಪಾ. ಗೆರೆ ಹಾಕಿದ ನೋಟ್‌ಬುಕ್ ತೆಗೆದುಕೋ. ಒಂದೇ ಗೆರೆಯ ಮೇಲೆ ಎಡಕ್ಕೆ ಒಂದು ಪ್ಲಸ್ ಗುರುತು, ಅದರಿಂದ 10 ಸೆಂಟಿಮೀಟರ್ ಬಲಕ್ಕೆ ಕೆಂಪು ಪೆನ್ನಿನಲ್ಲಿ ಮೆಣಸಿನ ಕಾಳಿನಷ್ಟು ದೊಡ್ಡ ಚುಕ್ಕಿ. ಎಡಗಣ್ಣು ಮುಚ್ಚು. ಬಲಗಣ್ಣಿನಿಂದ ಪ್ಲಸ್ ಅನ್ನೇ ನೋಡು, ಚುಕ್ಕಿಯ ಕಡೆ ಕಣ್ಣು ಹೊರಳಿಸಬಾರದು. ಪುಸ್ತಕವನ್ನು ಕೈ ಚಾಚಿದಷ್ಟು ದೂರದಿಂದ ನಿಧಾನಕ್ಕೆ ಹತ್ತಿರ ತಾ. ಮುಖದಿಂದ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ದೂರ ಇರುವಾಗ ಏನಾಗುತ್ತದೆ ನೋಡಿ ಬಂದು ಬರೆ.

ಪಿಯುಸಿ ಕಾರ್ಕಳ

ಸರ್!! ಚುಕ್ಕಿ ಹೋಯಿತು! ಇನ್ನೂ ಹತ್ತಿರ ತಂದಾಗ ವಾಪಸ್ ಬಂತು. ಆದರೆ ಹೋದಾಗ ಅಲ್ಲಿ ತೂತು ಕಾಣಲಿಲ್ಲ, ಕಪ್ಪೂ ಇಲ್ಲ. ನೋಟ್‌ಬುಕ್ಕಿನ ನೀಲಿ ಗೆರೆ ತುಂಡಾಗದೆ ನೇರ ಹೋಗಿತ್ತು. ಅಲ್ಲಿ ಗೆರೆಯ ಮೇಲೆ ನಾನೇ ಕೆಂಪು ಬಳಿದದ್ದು! ಅಜ್ಜಿಗೂ ಮಾಡಿಸಿದೆ, ಅವರಿಗೂ ಹೋಯಿತು.

ಕಟಪಾಡಿಯ ಹಳೇ ಮೇಷ್ಟ್ರು

ಶಹಬ್ಬಾಸ್. ಕಣ್ಣಿನಿಂದ ನರ ಹೊರಗೆ ಹೋಗುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಕುರುಡು ಚುಕ್ಕೆ ಅನ್ನುತ್ತಾರೆ. 1660ರ ದಶಕದಲ್ಲಿ ಫ್ರಾನ್ಸಿನ ಮಾರಿಯೊಟ್ ಎಂಬವರು ಕಂಡುಹಿಡಿದದ್ದು. ಅಲ್ಲಿಯವರೆಗೆ ಮನುಷ್ಯರು ಎರಡೂ ಕಣ್ಣಿನಲ್ಲಿ ಒಂದೊಂದು ಖಾಲಿ ಜಾಗ ಇಟ್ಟುಕೊಂಡು ಗೊತ್ತೇ ಇಲ್ಲದೆ ಬದುಕಿದ್ದರು. ಸಂವೇದನೆ ಅಲ್ಲಿ ಸೊನ್ನೆ. ಗ್ರಹಿಕೆ ಮಾತ್ರ ಪೂರ್ತಿ. ಆ ನೀಲಿ ಗೆರೆ ಬರೆದದ್ದು ನಿನ್ನ ಮೆದುಳು. ಪರೀಕ್ಷೆಯಲ್ಲಿ ಇದನ್ನೇ ಬರೆ, ಬಾಯಿಪಾಠ ಬೇಡ.

ಕಂಕನಾಡಿ ಅಣ್ಣ

ಕಿವಿಯದ್ದೂ ಇದೇ ಕತೆ. ಅಪ್ಪನಿಗೆ 78. ಕಿವಿ ಕೇಳದೆ ಟಿವಿ ಜೋರು ಇಟ್ಟು ಪಕ್ಕದ ಮನೆಯವರ ಹತ್ತಿರ ಮಾತು ಕೇಳಿ ಆಗಿತ್ತು. ಹೋದ ವರ್ಷ ಹಿಯರಿಂಗ್ ಏಯ್ಡ್ ಹಾಕಿಸಿದೆವು, ದುಡ್ಡು ಬಹಳ ಆಯಿತು. ಮೊದಲ ದಿನವೇ ತೆಗೆದು ಮೇಜಿನ ಮೇಲಿಟ್ಟರು. ಪೇಪರ್ ಮಡಚಿದರೆ ತಗಡು ಹರಿದ ಹಾಗೆ ಕೇಳ್ತದೆ, ಚಮಚ ಬಿದ್ದರೆ ತಲೆಗೆ ಹೊಡೆದ ಹಾಗೆ, ಫ್ಯಾನ್ ಇಷ್ಟು ಶಬ್ದ ಮಾಡುವುದು ನನಗೆ ಗೊತ್ತೇ ಇರಲಿಲ್ಲ ಅಂದರು. ನಾವು ಮಷಿನ್ ಹಾಳು ಅಂತ ವಾಪಸ್ ಕೊಡಲು ಹೋದೆವು.

ಅಲ್ಲಿದ್ದ ಹುಡುಗಿ ಬಹಳ ತಾಳ್ಮೆಯಿಂದ ಹೇಳಿದಳು. ವಯಸ್ಸಿಗೆ ಮೊದಲು ಹೋಗುವುದು ಕೀಚಲು ದನಿ. ಸ, ಶ, ಫ, ಪೇಪರಿನ ಸರಬರ, ಹಕ್ಕಿಯ ದನಿ, ಇದೆಲ್ಲ. ಹತ್ತು ವರ್ಷ ಅದಿಲ್ಲದೆ ಮೆದುಳು ಒಗ್ಗಿಹೋಗಿದೆ, ಈಗ ಒಮ್ಮೆಗೇ ಬಂದರೆ ಕರ್ಕಶವೇ. ದಿನಾ ಹಾಕಬೇಕು, ಮೊದಲು ಮನೆಯಲ್ಲಿ ಕೆಲವು ಗಂಟೆ, ಮತ್ತೆ ಜಾಸ್ತಿ. ಅಂತೂ ಒತ್ತಾಯ ಮಾಡಿ ಹಾಕಿಸಿದೆವು. ಒಂದೂವರೆ ತಿಂಗಳು ಹಿಡಿಯಿತು. ಈಗ ಫ್ಯಾನಿನ ಶಬ್ದ ಎಂತ ಅಂದರೆ "ಯಾವ ಶಬ್ದ?" ಅಂತಾರೆ. ಮೊಮ್ಮಗಳ ಮಾತು ಮಾತ್ರ ಪೂರ್ತಿ ಕೇಳ್ತದೆ.

ಎಷ್ಟೋ ಮನೆಯಲ್ಲಿ ಈ ಮಷಿನ್ ಕಪಾಟಿನಲ್ಲಿ ಬಿದ್ದಿರುತ್ತದೆ. ದಯವಿಟ್ಟು ಮೊದಲ ವಾರದಲ್ಲೇ ಬಿಡಬೇಡಿ. ಇದನ್ನು ಹೇಳಲಿಕ್ಕೇ ಬರೆದೆ.

ಘಟ್ಟದ ಸೊಸೆ

ನಾನು ತೀರ್ಥಹಳ್ಳಿ ಕಡೆಯವಳು, ಮದುವೆಯಾಗಿ ಮೂಲ್ಕಿಗೆ ಬಂದು ಒಂಬತ್ತು ವರ್ಷ. ಮನೆಯಲ್ಲಿ ಎಲ್ಲರೂ ತುಳು. ಕಲಿತಿದ್ದೇನೆ, ಮಾತಾಡುತ್ತೇನೆ. ಆದರೆ ಒಂದು ವಿಷಯ ಇವತ್ತಿಗೂ ನನ್ನ ಕಿವಿಗೆ ಹತ್ತುವುದಿಲ್ಲ. "ಮಲ್ಪುವೆ" ಅಂದರೆ ನಾನು ಮಾಡುತ್ತೇನೆ. "ಮಲ್ಪುವೆ" ಅಂದರೆ ಅವನು ಮಾಡುತ್ತಾನೆ. ಬರೆದರೆ ಎರಡೂ ಒಂದೇ. ಹೇಳುವಾಗ ಕೊನೆಯ ಸ್ವರ ಬೇರೆ ಅಂತ ಅತ್ತೆ ಹತ್ತು ಸಲ ಹೇಳಿ ತೋರಿಸಿದರು, ಒಂದಕ್ಕೆ ಬಾಯಿ ಜಾಸ್ತಿ ತೆರೆಯಬೇಕು ಅಂತ. ನನಗೆ ಹತ್ತು ಸಲವೂ ಒಂದೇ ಕೇಳಿತು. ನನ್ನ ಐದು ವರ್ಷದ ಮಗಳು ಪಕ್ಕದಲ್ಲಿ ಕೂತು "ಅಮ್ಮಾ, ಅದು ಬೇರೆ ಇದು ಬೇರೆ" ಅನ್ನುತ್ತಾಳೆ. ಕಿವಿ ಪರೀಕ್ಷೆ ಮಾಡಿಸಿದರೆ ನನ್ನದು ಸರಿಯಾಗಿಯೇ ಇದ್ದೀತು. ಹಾಗಾದರೆ ಇದು ಯಾವ ಲೆಕ್ಕಕ್ಕೆ ಸೇರುತ್ತದೆ ಸರ್?

ಕಟಪಾಡಿಯ ಹಳೇ ಮೇಷ್ಟ್ರು

ಪೂರ್ತಿ ಗ್ರಹಿಕೆಯ ಲೆಕ್ಕ, ತಂಗಿ. ನಿಮ್ಮ ಕಿವಿಗೆ ಎರಡೂ ದನಿ ಬಂದು ಮುಟ್ಟುತ್ತದೆ. ಮೆದುಳು ಎರಡನ್ನೂ ಒಂದೇ ಡಬ್ಬಿಗೆ ಹಾಕುತ್ತದೆ, ಯಾಕೆಂದರೆ ಕನ್ನಡದಲ್ಲಿ ಅಲ್ಲಿ ಒಂದೇ ಡಬ್ಬಿ.

ಇದರ ಮೇಲೆ ಪ್ರಸಿದ್ಧವಾದ ಒಂದು ಕೆಲಸ ಉಂಟು, ಅದೂ ನಮ್ಮ ದೇಶದ ಭಾಷೆ ಇಟ್ಟುಕೊಂಡು. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ್ದು. ಹಿಂದಿಯ ತ ಮತ್ತು ಟ ಬಳಸಿದರು. ನಮಗೆ ಅದು ಹಗಲು ರಾತ್ರಿಯಷ್ಟು ಬೇರೆ, ಇಂಗ್ಲಿಷ್ ಮಾತಾಡುವ ದೊಡ್ಡವರಿಗೆ ಗುರುತಿಸುವುದು ಬಹಳ ಕಷ್ಟ. ಆದರೆ ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಮಕ್ಕಳು ವ್ಯತ್ಯಾಸ ಹಿಡಿದರು! 10ರಿಂದ 12 ತಿಂಗಳಿಗೆ ಬರುವಾಗ ಆ ಶಕ್ತಿ ಬಹುಪಾಲು ಹೋಗಿತ್ತು. ಮಗು ತನ್ನ ಮನೆಯ ಭಾಷೆಗೆ ಕಿವಿ ಹೊಂದಿಸಿಕೊಳ್ಳುತ್ತದೆ. ಬೇಡದ ವ್ಯತ್ಯಾಸವನ್ನು ಬಿಟ್ಟುಬಿಡುತ್ತದೆ.

ನಿಮ್ಮ ಮಗಳು ಹುಟ್ಟಿದಾಗಿನಿಂದ ಅಜ್ಜಿಯ ತುಳು ಕೇಳಿದವಳು. ಅವಳಿಗೆ ಎರಡು ಡಬ್ಬಿ ಉಂಟು. ದೊಡ್ಡವರಿಗೆ ಆಗುವುದೇ ಇಲ್ಲ ಅಂತಲ್ಲ, ಅಭ್ಯಾಸದಿಂದ ಸ್ವಲ್ಪ ಸ್ವಲ್ಪ ಬರುತ್ತದೆ. ಮಗಳನ್ನೇ ಟೀಚರ್ ಮಾಡಿಕೊಳ್ಳಿ. ಅವಳು ಕಣ್ಣು ಮುಚ್ಚಿ ಒಂದೊಂದೇ ಹೇಳಲಿ, ನೀವು ನಾನಾ ಅವನಾ ಅಂತ ಹೇಳಿ, ಸರಿಯೋ ತಪ್ಪೋ ಆ ಕ್ಷಣವೇ ಅವಳು ಹೇಳಲಿ. ದಿನಾ ಐದು ನಿಮಿಷ ಸಾಕು.

ಸುರತ್ಕಲ್ ಕಡೆಯವ

ಎಲ್ಲ ಓದಿದೆ. ಮೊದಲು ಲೆನ್ಸ್ ತಪ್ಪು ಅಂತ ನಾನೇ ಹೇಳಿದ್ದು, ಆ ಮಾತು ವಾಪಸ್ ತೆಗೆದುಕೊಂಡೆ. ಆದರೆ ಒಂದು ಕೇಳಬೇಕು ಮೇಷ್ಟ್ರೇ, ಮನಸ್ಸಿಗೆ ಕಿರಿಕಿರಿಯಾಗುತ್ತಾ ಉಂಟು. ಕಣ್ಣು ಒಂದು ಹೇಳ್ತದೆ, ಮೆದುಳು ಇನ್ನೊಂದು ತೋರಿಸ್ತದೆ ಅಂದರೆ ನಾವು ನೋಡುವುದು ಯಾವುದೂ ನಿಜ ಅಲ್ಲ ಅಂತ ಆಯಿತಲ್ಲ? ಮಲ್ಲಿಗೆಯ ನಿಜವಾದ ಬಣ್ಣ ಯಾವುದು ಮತ್ತೆ? ಬಲಗಣ್ಣಿನದ್ದಾ ಎಡಗಣ್ಣಿನದ್ದಾ?

ಕಟಪಾಡಿಯ ಹಳೇ ಮೇಷ್ಟ್ರು

ಕಿರಿಕಿರಿಯಾಗಬೇಕಾದ ಪ್ರಶ್ನೆಯೇ. ಮೊದಲು ಒಂದು ಸಣ್ಣ ಕೆಲಸ ಮಾಡಿ. ಮೂರು ಪಾತ್ರೆ ಇಡಿ. ಒಂದರಲ್ಲಿ ಸ್ನಾನಕ್ಕೆ ಹದವಾದ ಬಿಸಿನೀರು, ಒಂದರಲ್ಲಿ ಫ್ರಿಜ್ಜಿನ ನೀರು, ನಡುವೆ ಬಾವಿ ನೀರು. ಒಂದು ಕೈ ಬಿಸಿಯಲ್ಲಿ, ಇನ್ನೊಂದು ತಣ್ಣಗಿನದರಲ್ಲಿ ಒಂದು ನಿಮಿಷ ಇಟ್ಟು, ಎರಡೂ ಕೈಯನ್ನು ಒಟ್ಟಿಗೆ ಬಾವಿ ನೀರಿಗೆ ಹಾಕಿ. ಒಂದು ಕೈ ತಣ್ಣಗೆ ಅನ್ನುತ್ತದೆ, ಒಂದು ಕೈ ಬೆಚ್ಚಗೆ ಅನ್ನುತ್ತದೆ. ಒಂದೇ ಪಾತ್ರೆ, ಒಂದೇ ನೀರು. ಜಾನ್ ಲಾಕ್ ಎಂಬ ತತ್ವಜ್ಞಾನಿ 1690ರಲ್ಲೇ ಈ ಉದಾಹರಣೆ ಕೊಟ್ಟಿದ್ದಾರೆ.

ನೀರು ಸುಳ್ಳಲ್ಲ. ಥರ್ಮಾಮೀಟರ್ ಇಟ್ಟರೆ ಒಂದು ಅಂಕಿ ತೋರಿಸುತ್ತದೆ. ಆದರೆ ಕೈ ಅಂಕಿ ಅಳೆಯುವ ಸಾಧನ ಅಲ್ಲ, ಬದಲಾವಣೆ ಹೇಳುವ ಸಾಧನ. ಇದ್ದದ್ದಕ್ಕಿಂತ ಜಾಸ್ತಿಯಾ ಕಡಿಮೆಯಾ, ಅಷ್ಟು ಹೇಳುತ್ತದೆ. ಬದುಕಲಿಕ್ಕೆ ಬೇಕಾದದ್ದೂ ಅದೇ. ಮಲ್ಲಿಗೆಯಿಂದ ಹೊರಡುವ ಬೆಳಕು ಒಂದು, ಅದನ್ನು ಯಂತ್ರ ಅಳೆಯಬಹುದು. ಬಿಳಿ ಎಂಬ ಅನುಭವ ಮಾತ್ರ ನೋಡುವವರಲ್ಲಿ ಹುಟ್ಟುವುದು. ಹಾಗಂತ ಎರಡೂ ಕಣ್ಣು ಒಂದೇ ಅಂತಲೂ ಅಲ್ಲ. ಹೊಸ ಲೆನ್ಸಿನ ಕಣ್ಣಿಗೆ ಜಾಸ್ತಿ ಬೆಳಕು, ಜಾಸ್ತಿ ಬಣ್ಣ ಹೋಗುತ್ತಿದೆ. ಕಪ್ಪು ಮತ್ತು ಕಡುನೀಲಿ ಸೀರೆಯನ್ನು ಆ ಕಣ್ಣು ಬೇರ್ಪಡಿಸುತ್ತದೆ, ಹಳೆ ಕಣ್ಣಿಗೆ ಅದು ಕಷ್ಟ.

ಇದು ಅನುಭವಿಸಿದವರಿಗೆ ಎಷ್ಟು ಕಷ್ಟ ಅಂತ ಚಿತ್ರಕಾರ ಕ್ಲಾಡ್ ಮೋನೆ ಹೇಳಬಹುದಿತ್ತು. 1912ರಲ್ಲಿ ಅವರಿಗೆ ಪೊರೆ ಇದೆ ಅಂತ ಗೊತ್ತಾಯಿತು. ಭಯದಿಂದ ಮುಂದೂಡುತ್ತಾ ಬಂದರು. ಆ ವರ್ಷಗಳ ಚಿತ್ರಗಳಲ್ಲಿ ಕೆಂಪು, ಕಂದು, ಹಳದಿ ತುಂಬಿಹೋಯಿತು. 1923ರಲ್ಲಿ, 82ನೇ ವಯಸ್ಸಿನಲ್ಲಿ, ಬಲಗಣ್ಣಿನ ಆಪರೇಷನ್ ಮಾಡಿಸಿಕೊಂಡರು. ಆಗ ಒಳಗೆ ಕೂರಿಸುವ ಲೆನ್ಸ್ ಇರಲಿಲ್ಲ, ದಪ್ಪ ಕನ್ನಡಕವೇ ಗತಿ. ಎಲ್ಲ ನೀಲಿ ಕಾಣುತ್ತದೆ ಅಂತ ಬಹಳ ಸಂಕಟಪಟ್ಟರು. ನಮ್ಮ ಪರ್ಕಳದ ಅಮ್ಮನ ಸಂಕಟವೂ ಅದೇ ಬಲಗಣ್ಣಿನದ್ದು.

ಇನ್ನೊಂದು ಹೇಳಿ ಮುಗಿಸುತ್ತೇನೆ. 1688ರಲ್ಲಿ ಐರ್ಲೆಂಡಿನ ಮಾಲಿನ್ಯೂ ಎಂಬವರು ಇದೇ ಲಾಕ್‌ಗೆ ಒಂದು ಪ್ರಶ್ನೆ ಕಳಿಸಿದ್ದರು. ಹುಟ್ಟಾ ಕುರುಡನಿಗೆ ಉಂಡೆ ಮತ್ತು ಚೌಕದ ಆಕಾರ ಮುಟ್ಟಿ ಗೊತ್ತುಂಟು. ದೃಷ್ಟಿ ಬಂದ ಕೂಡಲೇ ಮುಟ್ಟದೆ, ಬರೀ ನೋಡಿ ಯಾವುದು ಯಾವುದು ಹೇಳಬಲ್ಲನಾ? ಮುನ್ನೂರು ವರ್ಷ ಜನ ವಾದ ಮಾಡಿದರು. ಪವನ್ ಸಿನ್ಹಾ ಎಂಬ ವಿಜ್ಞಾನಿ ಪ್ರಕಾಶ್ ಎಂಬ ಯೋಜನೆಯಲ್ಲಿ ನಮ್ಮ ದೇಶದ ಕುರುಡು ಮಕ್ಕಳಿಗೆ ಆಪರೇಷನ್ ಮಾಡಿಸಿ ದೃಷ್ಟಿ ಬರುವ ಹಾಗೆ ಮಾಡುತ್ತಿದ್ದಾರೆ. ಅಂಥ 5 ಮಕ್ಕಳ ಫಲಿತಾಂಶ 2011ರಲ್ಲಿ ಬಂತು. ಮುಟ್ಟಿದ ವಸ್ತುವನ್ನು ನೋಡಿ ಗುರುತಿಸಲು ಮೊದಲು ಆಗಲಿಲ್ಲ, ಊಹೆ ಮಾಡಿದಷ್ಟೇ ಸರಿಯಾಯಿತು. ಕಣ್ಣು ಕೆಲಸ ಮಾಡುತ್ತಿತ್ತು, ಆದರೂ ಆಗಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಕಲಿತರು. ನನಗೆ ಆ "ಕೆಲವೇ ದಿನ" ಎಂಬುದೇ ದೊಡ್ಡ ಸಮಾಧಾನ. ನೋಡುವುದನ್ನೂ ಕಲಿಯಬೇಕು, ಕಲಿಯಲು ಸಾಧ್ಯ ಉಂಟು.

ಕಣ್ಣಿನ ಕೆಲಸದವಳು

ಸರ್, ಇದನ್ನೆಲ್ಲ ನಮಗೆ ಓದುವಾಗ ಯಾರೂ ಹೀಗೆ ಹೇಳಿಕೊಡಲಿಲ್ಲ. ನಾಳೆಯಿಂದ ಆಪರೇಷನ್ನಿಗೆ ಬರುವವರಿಗೆ ನೀಲಿ ಕಾಣಬಹುದು ಅಂತ ನಾನು ಮೊದಲೇ ಹೇಳಿ ಕಳಿಸುತ್ತೇನೆ. ಒಂದು ಮಾತು ಮುಂಚೆ ಹೇಳಿದರೆ ಇಷ್ಟು ಗಾಬರಿ ಇರುವುದಿಲ್ಲ ಅಲ್ವಾ.

ಪರ್ಕಳದ ಮಗಳು

ಐದು ವಾರದ ನಂತರ ಬರೆಯುತ್ತಿದ್ದೇನೆ. ಕೆಲವರು ಕೇಳಿದ್ದಿರಿ, ಅದಕ್ಕೇ.

ಚೆಕಪ್‌ಗೆ ಹೋದಾಗ ಡಾಕ್ಟರಿಗೆ ಹೇಳಿದೆವು. ಅವರೂ ಲೆನ್ಸ್ ಸರಿ ಕೂತಿದೆ, ಇದು ಹೋಗುತ್ತದೆ ಅಂದರು. ಎರಡನೇ ವಾರದ ತನಕ ಅಮ್ಮ ದಿನಾ ನೀಲಿ ನೀಲಿ ಅನ್ನುತ್ತಿದ್ದರು. ಮೂರನೇ ವಾರದಲ್ಲಿ ಮಾತು ಕಡಿಮೆಯಾಯಿತು. ಯಾವ ದಿನ ನಿಂತಿತು ಅಂತ ಕೇಳಿದರೆ ನನಗೂ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲ. ಹಾಲಿನವರ ಮೇಲಿನ ಸಂಶಯ ಹೋಗಿದೆ.

ನಿನ್ನೆ ಮತ್ತೆ ಒಂದು ಚೆಂಡು ಮಲ್ಲಿಗೆ ತಂದು ಅದೇ ತಟ್ಟೆ, ಅದೇ ಕಿಟಕಿ, ಅದೇ ಹೊತ್ತಿಗೆ ಇಟ್ಟೆ. ಬಲಗಣ್ಣಿನಲ್ಲಿ ನೋಡಿ ಅಂದೆ. "ಬಿಳಿ" ಅಂದರು. ನೀಲಿ ಇಲ್ವಾ ಅಂದೆ. "ಎಂತ ನೀಲಿ? ಮಲ್ಲಿಗೆ ಯಾವಾಗಲೂ ಹೀಗೆಯೇ ಇರುವುದಲ್ವಾ" ಅಂದರು. ಎಡಗಣ್ಣಿನಲ್ಲಿ ಈಗಲೂ ತುಪ್ಪದ ಬಣ್ಣವೇ, ಮೊದಲಿಗಿಂತ ಜಾಸ್ತಿ ಅಂದರು.

ಎಡಗಣ್ಣಿನ ಆಪರೇಷನ್ ಮುಂದಿನ ಬುಧವಾರ. ಅದರ ಮೊದಲು ಆ ಕಣ್ಣಲ್ಲಿ ಇನ್ನೊಮ್ಮೆ ಎಲ್ಲ ನೋಡಿಬಿಡುತ್ತೇನೆ ಅಂತ ಇವತ್ತು ಬೆಳಿಗ್ಗೆ ಬಲಗಣ್ಣಿಗೆ ಅಂಗೈ ಇಟ್ಟುಕೊಂಡು ಮನೆಯೆಲ್ಲ ಸುತ್ತಿದರು. ಅಪ್ಪನ ಮುಂಡು, ಹಾಲು, ಅಡುಗೆಮನೆ ಗೋಡೆ, ತುಳಸಿಕಟ್ಟೆ. ನಾನು ಹಿಂದೆಯೇ ಹೋದೆ, ಎಡವಿ ಬೀಳಬಾರದಲ್ಲ.